ಓದು ಮೊದಲು, ಮನೆ ಆಮೇಲೆ

ಅಮೆರಿಕದ ಅಧ್ಯಕ್ಷರು ಬಾಳಿದ ಮನೆಗಳನ್ನು ನೋಡೋಕೆ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಹೋಗುವ ಮುಂಚೆ ಆ ಮನುಷ್ಯ ತಾನೇ ಬರೆದದ್ದನ್ನು ಓದುತ್ತೇನೆ. ಪತ್ರ, ದಿನಚರಿ, ಆತ್ಮಕಥೆ, ಯಾವುದಾದರೂ ಸರಿ. ಬೇರೆಯವರು ಬರೆದ ದಪ್ಪ ಜೀವನಚರಿತ್ರೆಯನ್ನು ವಾಪಸ್ ಬಂದಮೇಲೆ ತೆಗೆಯುತ್ತೇನೆ. ಅದನ್ನು ಮೊದಲೇ ಓದಿದರೆ, ಬರೆದವರು ತೋರಿಸಿದ್ದಷ್ಟೇ ನನಗೂ ಕಾಣುತ್ತದೆ.

ಈ ಕ್ರಮ ಗಟ್ಟಿಯಾಗಿದ್ದು ಯುಲಿಸಿಸ್ ಗ್ರಾಂಟ್‌ನಿಂದ. ಅಂತರ್ಯುದ್ಧ ಗೆದ್ದ ಸೇನಾಪತಿ, ಎಂಟು ವರ್ಷ ಅಧ್ಯಕ್ಷ. 1884ರಲ್ಲಿ ವ್ಯಾಪಾರದ ಪಾಲುದಾರ ಮೋಸ ಮಾಡಿ, ಇದ್ದಬದ್ದ ದುಡ್ಡೆಲ್ಲ ಹೋಯಿತು. ಅದೇ ವರ್ಷ ಗಂಟಲು ಕ್ಯಾನ್ಸರ್. ಹೆಂಡತಿಗೆ ಏನಾದರೂ ಉಳಿಸಬೇಕು ಅಂತ ಆತ್ಮಕಥೆ ಬರೆಯಲು ಕೂತ. ಲೇಖಕ ಮಾರ್ಕ್ ಟ್ವೇನ್ ತನ್ನ ಪ್ರಕಾಶನದಿಂದ ಅದನ್ನು ತಂದ. ಜೂಲಿಯಾ ಗ್ರಾಂಟ್‌ಗೆ ಸುಮಾರು 4.5 ಲಕ್ಷ ಡಾಲರ್ ಬಂತು. ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಸಣ್ಣ ಸಣ್ಣ ವಾಕ್ಯ, ಜಂಬ ಇಲ್ಲ. ಒಂದು ವಿಚಿತ್ರ ಅಂದರೆ, ಅಧ್ಯಕ್ಷನಾಗಿದ್ದ ಕಾಲದ ಬಗ್ಗೆ ಅದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ನನಗಂತೂ ಅದೇ ಇಷ್ಟವಾಯಿತು.

ಬರೆದು ಮುಗಿಸಿದ ಮನೆ ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಹತ್ತಿರ, ಮೌಂಟ್ ಮೆಕ್‌ಗ್ರೆಗರ್ ಗುಡ್ಡದ ಮೇಲಿದೆ. ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರಕ್ಕೆ ಹೋಗಿ ಬರುವಾಗ ಸ್ವಲ್ಪ ಸುತ್ತು ಹಾಕಿಕೊಂಡು ಹೋದೆವು. ಒಂದು ಕೋಣೆಯಲ್ಲಿ ಎರಡು ದೊಡ್ಡ ತೊಗಲಿನ ಕುರ್ಚಿಗಳನ್ನು ಎದುರುಬದುರು ಜೋಡಿಸಿಟ್ಟಿದ್ದಾರೆ.

"ಇದೇನೋ, ಮಂಚ ಇರಲಿಲ್ವಾ ಇವನಿಗೆ?" ಅಂದರು ಅಪ್ಪ.

"ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ ಅಪ್ಪ. ಒಂದರಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ ನಿದ್ದೆ ಮಾಡುತ್ತಿದ್ದ."

ಅಪ್ಪ ಆಮೇಲೆ ಆ ಕೋಣೆ ಬಿಟ್ಟು ಬೇಗ ಬರಲಿಲ್ಲ. ಕೊನೆಕೊನೆಗೆ ಗ್ರಾಂಟ್‌ಗೆ ಮಾತೂ ನಿಂತು, ಡಾಕ್ಟರಿಗೆ ಚೀಟಿ ಬರೆದು ಕೊಡುತ್ತಿದ್ದ. 1885ರ ಜುಲೈ 23ರಂದು ತೀರಿಕೊಂಡ. ಪುಸ್ತಕ ಮುಗಿಸಿ ಕೆಲವೇ ದಿನ ಆಗಿತ್ತು. ಓದದೆ ಹೋಗಿದ್ದರೆ ಅವು ಬರೀ ಎರಡು ಹಳೇ ಕುರ್ಚಿ, ಅಲ್ವಾ?

ನಯಾಗರ ಅಂದಾಗ ನೆನಪಾಯಿತು, ಬಫಲೋ ಊರನ್ನು ಸುಮ್ನೆ ದಾಟಿ ಹೋಗಬೇಡಿ. 1901ರ ಸೆಪ್ಟೆಂಬರ್ 6ರ ಬೆಳಿಗ್ಗೆ ಅಧ್ಯಕ್ಷ ಮೆಕಿನ್ಲಿ ನಯಾಗರ ನೋಡಿ ಬಂದ, ಅದೇ ಮಧ್ಯಾಹ್ನ ಬಫಲೋದಲ್ಲಿ ಗುಂಡೇಟು ತಿಂದ. ಅವನು ತೀರಿಕೊಂಡ ಮೇಲೆ ಥಿಯೊಡರ್ ರೂಸ್‌ವೆಲ್ಟ್ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡ ಮನೆ ಈಗಲೂ ಅಲ್ಲಿದೆ.

ಈಗ 2026ರ ಲೆಕ್ಕ. ಆ ವರ್ಷದ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಎಲ್ಲ ಕಡೆ ಅದೇ ಸುದ್ದಿ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇನ್ನೊಂದರಲ್ಲಿ. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್, ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಇಬ್ಬರೂ ಸತ್ತದ್ದು ಒಂದೇ ದಿನ, 1826ರ ಜುಲೈ 4. ಅದಕ್ಕೂ ಸರಿಯಾಗಿ 200 ವರ್ಷ ಆಗುತ್ತದೆ. 1800ರ ಚುನಾವಣೆಯಲ್ಲಿ ಮಾತು ಬಿಟ್ಟ ಗೆಳೆಯರು ಇವರು. ಬೆಂಜಮಿನ್ ರಷ್ ಎಂಬ ಡಾಕ್ಟರ್ ನಡುವೆ ಬಂದು 1812ರಲ್ಲಿ ರಾಜಿ ಮಾಡಿಸಿದ. ಆಮೇಲೆ ಸಾಯುವವರೆಗೂ ಪತ್ರ. ಲೆಸ್ಟರ್ ಕ್ಯಾಪನ್ ಸಂಪಾದಿಸಿದ ಸಂಕಲನ ಇದೆ. ದುಡ್ಡು ಖರ್ಚು ಬೇಡ ಅನ್ನುವವರಿಗೆ ಅಮೆರಿಕದ ರಾಷ್ಟ್ರೀಯ ದಫ್ತರ ಇಲಾಖೆಯ ಫೌಂಡರ್ಸ್ ಆನ್‌ಲೈನ್ ಜಾಲತಾಣ ಇದೆ. ದಿನಕ್ಕೊಂದು ಪತ್ರ, ಬೆಳಗಿನ ಕಾಫಿ ಜೊತೆಗೆ. ನಾನು ಈಗ 1813ರಲ್ಲಿದ್ದೇನೆ. ಜೆಫರ್ಸನ್ ಅಳೆದು ತೂಗಿ ಬರೆಯುತ್ತಾನೆ. ಆಡಮ್ಸ್ ಉತ್ತರಕ್ಕೂ ಕಾಯದೆ ಇನ್ನೊಂದು ಪತ್ರ ಹಾಕುತ್ತಾನೆ.

ಮನೆಗಳು ಎರಡು ಕಡೆ. ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಆಡಮ್ಸ್ ಮತ್ತು ಅವನ ಮಗ, ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಹುಟ್ಟಿದ ಮನೆಗಳು ಅಕ್ಕಪಕ್ಕದಲ್ಲೇ ಇವೆ. ಅಪ್ಪ ಮಗ ಇಬ್ಬರ ಸಮಾಧಿಯೂ ಅದೇ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ. ಚಳಿಗಾಲದಲ್ಲಿ ಆ ಮನೆಗಳ ಬಾಗಿಲು ಹಾಕಿರುತ್ತಾರೆ, ವಿಚಾರಿಸಿಕೊಂಡೇ ಹೊರಡಿ.

ವರ್ಜೀನಿಯಾದ ಮಾಂಟಿಚೆಲೊ ಜೆಫರ್ಸನ್‌ನದು. ಬಾಗಿಲ ಮೇಲೊಂದು ದೊಡ್ಡ ಗಡಿಯಾರ ಇದೆ. ಅದರ ತೂಕದ ಗುಂಡುಗಳು ಹಗ್ಗದಲ್ಲಿ ಇಳಿಯುತ್ತಾ ಗೋಡೆ ಮೇಲಿನ ವಾರದ ಹೆಸರು ತೋರಿಸುತ್ತವೆ. ಗೋಡೆಯ ಎತ್ತರ ಸಾಲಲಿಲ್ಲ. ನೆಲಕ್ಕೇ ತೂತು ಕೊರೆಸಿದ, ಶನಿವಾರ ನೆಲಮಾಳಿಗೆಗೆ ಹೋಯಿತು! ಇಷ್ಟು ಬುದ್ಧಿವಂತ, ಎಲ್ಲ ಮನುಷ್ಯರೂ ಸಮಾನ ಎಂದು ಬರೆದವನು, ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಹಾಗಾಗಿ ಇಲ್ಲಿ ಮಾತ್ರ ನನ್ನ ಕ್ರಮ ನಡೆಯುವುದಿಲ್ಲ. ಅವನ ಪತ್ರಗಳನ್ನಷ್ಟೇ ನೆಚ್ಚಿಕೊಂಡರೆ ಅರ್ಧ ಮನೆ ಕಾಣುವುದೇ ಇಲ್ಲ. ಆನೆಟ್ ಗಾರ್ಡನ್-ರೀಡ್ ಅವರು ಇಲ್ಲಿ ಗುಲಾಮರಾಗಿದ್ದ ಹೆಮಿಂಗ್ಸ್ ಕುಟುಂಬದ ಬಗ್ಗೆ 2008ರಲ್ಲಿ ಬರೆದ ಪುಸ್ತಕವನ್ನು ಹೋಗುವ ಮುಂಚೆಯೇ ಓದಿ. ಮನೆಯೊಳಗಿನ ಟೂರ್ ಜೊತೆಗೆ ಗುಲಾಮರ ಬದುಕಿನ ಟೂರ್‌ಗೂ ಸಮಯ ಇಟ್ಟುಕೊಳ್ಳಿ.

ಪ್ರತಿ ಜುಲೈ 4ಕ್ಕೆ ಮಾಂಟಿಚೆಲೊದಲ್ಲಿ ಹೊಸದಾಗಿ ಅಮೆರಿಕದ ಪೌರತ್ವ ಪಡೆಯುವವರ ಪ್ರಮಾಣವಚನ ನಡೆಯುತ್ತದೆ. 1963ರಿಂದ ಬಂದ ಪದ್ಧತಿ. 2026ರಲ್ಲಂತೂ ಕಾಲಿಡೋಕೆ ಜಾಗ ಇರುವುದಿಲ್ಲ. ನಾನು ಆಗಸ್ಟ್‌ಗೆ ಮಾಂಟಿಚೆಲೊ, ಸೆಪ್ಟೆಂಬರ್‌ಗೆ ಕ್ವಿನ್ಸಿ ಅಂತ ಇಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಪತ್ರಗಳೂ 1826ಕ್ಕೆ ಬಂದಿರುತ್ತವೆ.