ಕನ್ವರ್ಟರ್ ದಾಟುವ ಹಾರ್ಮೋನಿಕ್ಸ್‌ಗೆ ಮಾಡೆಲ್ ಕಟ್ಟುವುದು ಹೇಗೆ?

ಹಾರ್ಮೋನಿಕ್ ಎಂದರೆ ಮೂಲ 50 ಹರ್ಟ್ಸ್‌ನ ಗುಣಕದಲ್ಲಿ ಏಳುವ ಅಲೆ (5ನೆಯದು 250 ಹರ್ಟ್ಸ್); ಕನ್ವರ್ಟರ್ ಎಂದರೆ ಎಸಿಯನ್ನು ಡಿಸಿ ಅಥವಾ ಡಿಸಿಯನ್ನು ಎಸಿ ಮಾಡುವ ಸಾಧನ. ಬ್ಯಾಡಗಿಯಲ್ಲೊಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇದೆ ಅಂದುಕೊಳ್ಳಿ. 250 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್), ಕಂಪ್ರೆಸರ್‌ಗಳಿಗೆ ವೇಗ ನಿಯಂತ್ರಿಸುವ ಡ್ರೈವ್, ಚಾವಣಿ ಮೇಲೆ ಸೋಲಾರ್. ಸೋಲಾರೂ ಬ್ಯಾಟರಿಯೂ ಒಂದೇ ಡಿಸಿ ಬಸ್‌ಗೆ (ಹಂಚಿಕೊಂಡ ಡಿಸಿ ಲೈನ್‌ಗೆ) ಸೇರಿ, ಅಲ್ಲಿಂದ ಒಂದು ಇನ್ವರ್ಟರ್ ಮೂಲಕ ಎಸಿ ಕಡೆಗೆ ಬರುತ್ತವೆ. ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಇಂಥದ್ದನ್ನು ಹಿಡಿದಾಗ ಎಸಿಗೊಂದು, ಡಿಸಿಗೊಂದು ಮಾಡೆಲ್ ಕಟ್ಟಿ ಬೇರೆ ಬೇರೆ ಓಡಿಸುತ್ತಾರೆ. ಲೆಕ್ಕ ಕೆಡುವುದು ಅಲ್ಲೇ.

ಹಂತ 1: ಸಿಂಗಲ್ ಲೈನ್ ಡಯಾಗ್ರಮ್ ಬರೆದು 50 ಹರ್ಟ್ಸ್‌ನ ಲೋಡ್ ಫ್ಲೋ (ಎಲ್ಲೆಲ್ಲಿ ಎಷ್ಟು ವೋಲ್ಟೇಜ್, ಎಷ್ಟು ಪವರ್ ಎಂಬ ಲೆಕ್ಕ) ಮುಗಿಸಿ.

ಹಂತ 2: ಡ್ರೈವ್‌ಗಳನ್ನು ಸೇರಿಸಿ. ಅವುಗಳ ಒಳಗೆ ಎಸಿಯನ್ನು ಡಿಸಿ ಮಾಡುವುದು ಸಿಕ್ಸ್-ಪಲ್ಸ್ ರೆಕ್ಟಿಫೈಯರ್ ಆದರೆ 5, 7, 11, 13ನೇ ಹಾರ್ಮೋನಿಕ್ ಏಳುತ್ತವೆ. ಪುಸ್ತಕದ ಲೆಕ್ಕದಲ್ಲಿ 5ನೆಯದು 50 ಹರ್ಟ್ಸ್ ಕರೆಂಟಿನ 20%, 7ನೆಯದು ಸುಮಾರು 14%. ಚೋಕ್ (ಕರೆಂಟಿನ ಏರಿಳಿತ ತಡೆಯುವ ಕಾಯಿಲ್) ಇಲ್ಲದ ಅಗ್ಗದ ಡ್ರೈವ್‌ನಲ್ಲಿ ಇದಕ್ಕಿಂತ ಬಹಳ ಜಾಸ್ತಿ. ಫೇಸ್ ಕೋನವನ್ನೂ ಕೊಡಿ. ಇನ್ವರ್ಟರ್ ಡೇಟಾಶೀಟ್‌ನ ‘ಟಿಎಚ್‌ಡಿ 3%ಗಿಂತ ಕಡಿಮೆ’ ಎಂಬ ಸಾಲನ್ನು (ಟಿಎಚ್‌ಡಿ ಎಂದರೆ ಒಟ್ಟು ಹಾರ್ಮೋನಿಕ್ ವಿರೂಪ) ನಕಲು ಮಾಡಬೇಡಿ. ಅದು ಪೂರ್ತಿ ಲೋಡ್‌ನ ಮಾತು, ಮೋಡ ಕವಿದ ಹೊತ್ತಿನದಲ್ಲ.

ಹಂತ 3: ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಬ್ಯಾಂಕ್. ಇದು ಟಿಸಿ ಜೊತೆ ಸೇರಿ ಯಾವುದೋ ಒಂದು ಹಾರ್ಮೋನಿಕ್‌ನಲ್ಲಿ ಅನುರಣಿಸಿ (ರೆಸೊನೆನ್ಸ್) ಅದನ್ನು ಹಿಗ್ಗಿಸಬಹುದು. ಟಿಸಿ ಇಂಪೀಡೆನ್ಸ್ 4.5% ಇದ್ದರೆ ಶಾರ್ಟ್ ಸರ್ಕ್ಯೂಟ್ ಮಟ್ಟ ಸುಮಾರು 5,556 ಕೆವಿಎ. ಇದನ್ನು ಬ್ಯಾಂಕಿನ ಕೆವಿಎಆರ್ ಸಾಮರ್ಥ್ಯದಿಂದ ಭಾಗಿಸಿ ವರ್ಗಮೂಲ ತೆಗೆದರೆ ರೆಸೊನೆನ್ಸ್ ಎಷ್ಟನೇ ಹಾರ್ಮೋನಿಕ್‌ನಲ್ಲಿ ಎಂಬುದು ಸಿಗುತ್ತದೆ: 100 ಕೆವಿಎಆರ್‌ಗೆ 7.45, 125ಕ್ಕೆ 6.67. ನಡುವೆ 7 ಕೂತಿದೆ! ಹಂತಹಂತವಾಗಿ ಆನ್ ಆಗುವ ಪ್ರತಿ ಕೆಪಾಸಿಟರ್ ಸ್ಟೆಪ್‌ಗೂ ಬೇರೆ ಲೆಕ್ಕ ಬೇಕು. ನನ್ನನ್ನು ಕೇಳಿದರೆ 7% ರಿಯಾಕ್ಟರ್ (ಕೆಪಾಸಿಟರ್ ಜೊತೆ ಸರಣಿಯಲ್ಲಿ ಕೂರಿಸುವ ಕಾಯಿಲ್) ಇಲ್ಲದ ಬ್ಯಾಂಕ್ ಇಂಥ ಕಡೆ ಹಾಕಲೇಬಾರದು. ಅದಿದ್ದರೆ ಟ್ಯೂನಿಂಗ್ 189 ಹರ್ಟ್ಸ್‌ಗೆ ಇಳಿದು 5, 7 ಎರಡರಿಂದಲೂ ದೂರ ಉಳಿಯುತ್ತದೆ.

ಹಂತ 4: ಇಲ್ಲಿ ಅವಸರ ಬೇಡ. ಕನ್ವರ್ಟರ್ ದಾಟುವಾಗ ಹಾರ್ಮೋನಿಕ್‌ನ ಫ್ರೀಕ್ವೆನ್ಸಿಯೇ ಬದಲಾಗುತ್ತದೆ. ಡಿಸಿ ಬಸ್ ಮೇಲಿನ 300 ಹರ್ಟ್ಸ್ ಅಲೆ ಎಸಿ ಕಡೆ 350 (ಪಾಸಿಟಿವ್ ಸೀಕ್ವೆನ್ಸ್: ಮೂರು ಫೇಸ್‌ಗಳು ಮಾಮೂಲಿ ಕ್ರಮದಲ್ಲಿ) ಮತ್ತು 250 (ನೆಗೆಟಿವ್ ಸೀಕ್ವೆನ್ಸ್: ತಿರುಗಿದ ಕ್ರಮದಲ್ಲಿ) ಆಗಿ ಒಡೆಯುತ್ತದೆ. ಎಸಿಯ ಆ 5, 7 ಎರಡೂ ಡಿಸಿಗೆ ಹೋದರೆ ಒಂದೇ 300 ಆಗುತ್ತವೆ.

ಇನ್ನೂ ಮೋಸದ್ದು ಅನ್‌ಬ್ಯಾಲೆನ್ಸ್. ಒಂದು ಫೇಸ್‌ಗೆ ಹೊರೆ ಹೆಚ್ಚಿದರೆ 50 ಹರ್ಟ್ಸ್‌ನ ನೆಗೆಟಿವ್ ಸೀಕ್ವೆನ್ಸ್ ಡಿಸಿಯಲ್ಲಿ 100 ಹರ್ಟ್ಸ್ ಆಗಿ, ಮರಳಿ ಎಸಿಗೆ 150 (ಮೂರನೇ ಹಾರ್ಮೋನಿಕ್) ಆಗಿ ಬರುತ್ತದೆ. ‘ಡೆಲ್ಟಾ ವೈಂಡಿಂಗ್ ಐತಲ್ರಿ, ಮೂರನೇದು 11 ಕೆವಿಗೆ ಹೋಗೂದಿಲ್ಲ’ ಎನ್ನುತ್ತಾರೆ. ಡೆಲ್ಟಾ ತಡೆಯುವುದು ಜೀರೋ ಸೀಕ್ವೆನ್ಸ್ (ಮೂರೂ ಫೇಸ್‌ಗಳಲ್ಲಿ ಒಟ್ಟಿಗೇ ಏಳುವುದು) ಮಾತ್ರ. ಇದು ಪಾಸಿಟಿವ್ ಸೀಕ್ವೆನ್ಸ್, ಸಲೀಸಾಗಿ ದಾಟುತ್ತದೆ.

ಹಾಗಾಗಿ ಇನ್ವರ್ಟರನ್ನು ಬರೀ ಕರೆಂಟ್ ಸೋರ್ಸ್ ಎಂದು ಬರೆಯದೆ ಮ್ಯಾಟ್ರಿಕ್ಸ್ ಆಗಿ ಬರೆಯಿರಿ. ಒಂದು ಫ್ರೀಕ್ವೆನ್ಸಿಯಲ್ಲಿ 1% ವೋಲ್ಟೇಜ್ ಚುಚ್ಚಿ, ಎರಡೂ ಕಡೆ ಎಲ್ಲ ಫ್ರೀಕ್ವೆನ್ಸಿಗಳಲ್ಲಿ ಎಷ್ಟು ಕರೆಂಟ್ ಎದ್ದಿತು ನೋಡಿ. ಅದು ಮ್ಯಾಟ್ರಿಕ್ಸ್‌ನ ಒಂದು ಕಾಲಂ; ಪ್ರತಿ ಫ್ರೀಕ್ವೆನ್ಸಿಗೂ ಹೀಗೇ ಮಾಡಿ. ಚುಚ್ಚಿದ್ದನ್ನು ಅರ್ಧ ಮಾಡಿದರೆ ಉತ್ತರವೂ ಅರ್ಧವಾಗಬೇಕು, ಇಲ್ಲದಿದ್ದರೆ 1% ಹೆಚ್ಚಾಯಿತು. ಪಿಎಲ್‌ಎಲ್ (ಗ್ರಿಡ್‌ನ ಫೇಸ್ ಹಿಂಬಾಲಿಸುವ ಭಾಗ), ಕರೆಂಟ್ ಕಂಟ್ರೋಲರ್, ಡಿಸಿ ವೋಲ್ಟೇಜ್ ಕಂಟ್ರೋಲರ್ ಮೂರೂ ಒಳಗಿರಲಿ. ಕಂಟ್ರೋಲ್ ವಿಳಂಬವನ್ನೂ ಬಿಡಬೇಡಿ: 10 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ ಒಂದೂವರೆ ಸ್ಯಾಂಪಲ್ ಎಂದರೆ 150 ಮೈಕ್ರೋಸೆಕೆಂಡ್, 11ನೇ ಹಾರ್ಮೋನಿಕ್‌ಗೆ ಅದೇ ಸುಮಾರು 30 ಡಿಗ್ರಿ. ಬ್ಯಾಟರಿ ಚಾರ್ಜ್ ಆಗುವಾಗ ಒಂದು ಮ್ಯಾಟ್ರಿಕ್ಸ್, ಖಾಲಿಯಾಗುವಾಗ ಇನ್ನೊಂದು. ಬೇಸರದ ಕೆಲಸ, ಅಡ್ಡದಾರಿ ಇಲ್ಲ. ಉಚಿತವಾಗಿ ಸಿಗುವ ಓಪನ್‌ಡಿಎಸ್‌ಎಸ್ ಸಾಫ್ಟ್‌ವೇರ್ ಮೂರನೇ ಹಂತದವರೆಗೆ ಚೆನ್ನ. ಅದರ ಹಾರ್ಮೋನಿಕ್ ಮೋಡ್ ಪ್ರತಿ ಫ್ರೀಕ್ವೆನ್ಸಿಯನ್ನೂ ಬೇರೆಯಾಗಿ ಬಿಡಿಸುವುದರಿಂದ ಇಲ್ಲಿಗೆ ಸಾಲದು.

ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳಲ್ಲಿ ಫುಲ್ ಕನ್ವರ್ಟರ್ (ಪವರ್ ಪೂರ್ತಿ ಕನ್ವರ್ಟರ್ ಮೂಲಕವೇ ಹೋಗುವ ಬಗೆ) ಇರುವವಕ್ಕೂ ಇದೇ ದಾರಿ. ಅಲ್ಲಿ ಜನರೇಟರ್ ಕಡೆ 50 ಹರ್ಟ್ಸ್ ಇರಲೇಬೇಕೆಂದಿಲ್ಲ, ಆದ್ದರಿಂದ 50ರ ಗುಣಕಗಳ ನಡುವೆಯೂ ಅಲೆಗಳು ಏಳಬಹುದು.

ಹಂತ 5: ಸಿಮ್ಯುಲಿಂಕ್ ಅಥವಾ ಪಿಎಸ್‌ಕ್ಯಾಡ್‌ನಲ್ಲಿ ಸ್ವಿಚಿಂಗ್ ಸಹಿತ ಒಮ್ಮೆ ಓಡಿಸಿ ತಾಳೆ ನೋಡಿ. ಟೈಮ್ ಸ್ಟೆಪ್ 1 ಮೈಕ್ರೋಸೆಕೆಂಡ್, ಎಫ್‌ಎಫ್‌ಟಿಗೆ (ಅಲೆಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕಕ್ಕೆ) 200 ಮಿಲಿಸೆಕೆಂಡ್.

ಹಂತ 6: ಜಾಗಕ್ಕೆ ಹೋಗಿ ಅಳೆಯಿರಿ. ಟ್ರೂ ಆರ್‌ಎಂಎಸ್ ಅಲ್ಲದ (ವಿರೂಪಗೊಂಡ ಅಲೆಯನ್ನು ಸರಿಯಾಗಿ ಅಳೆಯದ) ಅಗ್ಗದ ಕ್ಲ್ಯಾಂಪ್ ಮೀಟರ್ ಒಯ್ಯಬೇಡಿ. ಕಂಪ್ರೆಸರ್‌ಗಳೆಲ್ಲ ಓಡುವ ಹೊತ್ತಿನಲ್ಲೊಮ್ಮೆ, ಲೋಡ್ ಕಡಿಮೆಯಿದ್ದು ಬಿಸಿಲು ಜೋರಾಗಿರುವಾಗ ಇನ್ನೊಮ್ಮೆ ಅಳೆದು, ಆಗ ಎಷ್ಟು ಕೆಪಾಸಿಟರ್ ಸ್ಟೆಪ್ ಆನ್ ಇದ್ದವು ಎಂಬುದನ್ನೂ ಬರೆದುಕೊಳ್ಳಿ.