ಮಗುವಿನ ಕಾರ್ ಸೀಟ್: ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ

ಹೊಸ ದೇಶದಲ್ಲಿ ಮನೆ, ಬ್ಯಾಂಕ್ ಖಾತೆ, ಶಾಲೆಯ ಅರ್ಜಿ ಇವೆಲ್ಲ ಹೇಗೋ ಆಗುತ್ತವೆ, ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಹೇಳಬೇಕೆಂದಿರುವುದು ಕಾರ್ ಸೀಟ್ ಬಗ್ಗೆ. ಹೊಸದಾಗಿ ಬಂದ ಕುಟುಂಬಗಳಿಗೆ ಸೀಟ್ ಕೂರಿಸಿಕೊಡಲು ಹೋದಾಗ ನಾನು ಮೊದಲು ಮಾಡುವ ಕೆಲಸವೆಂದರೆ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ ನೋಡುವುದು. ಒಳ್ಳೆಯ ಸೀಟು, ದುಬಾರಿ ಸೀಟು, ಆದರೂ ಎಷ್ಟೋ ಸಲ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ.

ಮೊದಲು ಮಡಿಲಿನ ವಿಷಯ. ನಾವೆಲ್ಲ ಯಾರಾದರೊಬ್ಬರ ಮಡಿಲಲ್ಲಿ ಕುಳಿತು ಪ್ರಯಾಣ ಮಾಡಿಯೇ ಬೆಳೆದವರು. ಊರಿನಿಂದ ಬಂದ ಅಜ್ಜಿಗೆ, ಅಳುವ ಮೊಮ್ಮಗುವನ್ನು ಪಕ್ಕದ ಸೀಟಿನಲ್ಲಿ ಕಟ್ಟಿಹಾಕಿ ತಾನು ಸುಮ್ಮನೆ ಕೂರುವುದು ಸಂಕಟದ ಕೆಲಸ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ಬೇರೆಯೇ ಇದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, 8 ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಲು 100 ಕಿಲೋಗೂ ಮೀರಿದ ಭಾರವನ್ನು ತಡೆಯುವ ಶಕ್ತಿ ಬೇಕು. ಯಾವ ತೋಳಿನಲ್ಲೂ ಅಷ್ಟು ಬಲವಿಲ್ಲ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಅಪಾಯ: ದೊಡ್ಡವರ ಮೈಭಾರವೆಲ್ಲ ಮಗುವಿನ ಮೇಲೆಯೇ ಬೀಳುತ್ತದೆ. ಇದನ್ನು ಅಜ್ಜ ಅಜ್ಜಿಗೆ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಹೇಳಬೇಡಿ. ಅವರು ಹೊರಡುವ ಮೊದಲೇ ಫೋನಿನಲ್ಲಿ ನಿಧಾನವಾಗಿ ವಿವರಿಸಿ.

ಸೀಟ್ ಕೊಳ್ಳುವಾಗ ನೀವಿರುವ ದೇಶದ ಸುರಕ್ಷತಾ ಮಾನ್ಯತೆಯ ಗುರುತು ಇದೆಯೇ ಎಂದು ನೋಡಿ. ಅಮೆರಿಕದಲ್ಲಿ ಎಫ್‌ಎಂವಿಎಸ್‌ಎಸ್ 213, ಬ್ರಿಟನ್ ಮತ್ತು ಯುರೋಪಿನಲ್ಲಿ ಆರ್129 (ಬಳಸಿದ ಹಳೆಯ ಸೀಟಾದರೆ ಆರ್44), ಆಸ್ಟ್ರೇಲಿಯಾದಲ್ಲಿ ಎಎಸ್/ಎನ್‌ಝಡ್‌ಎಸ್ 1754. ಲಂಡನ್ನಿನಿಂದ ಸಿಡ್ನಿಗೆ ಕೆಲಸ ಬದಲಾಯಿಸುವವರು ಸೀಟನ್ನೂ ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ, ಅಲ್ಲಿ ಅದು ಕಾನೂನಿಗೆ ಹೊರಗು.

ನಮ್ಮವರ ನಡುವೆ ಮಕ್ಕಳ ಸಾಮಾನು ಮನೆಯಿಂದ ಮನೆಗೆ ದಾಟುತ್ತದೆ, ಅದರಷ್ಟು ಚಂದದ ರೂಢಿ ಮತ್ತೊಂದಿಲ್ಲ. ಬಟ್ಟೆ, ಆಟಿಕೆ, ಮಂಚ ಎಲ್ಲವನ್ನೂ ಸಂತೋಷದಿಂದ ತೆಗೆದುಕೊಳ್ಳಿ. ಕಾರ್ ಸೀಟನ್ನು ಮಾತ್ರ ಅದರ ಪೂರ್ವಾಪರ ಗೊತ್ತಿದ್ದರೆ ತೆಗೆದುಕೊಳ್ಳಿ. ದೊಡ್ಡ ಅಪಘಾತ ಕಂಡ ಸೀಟಿನ ಬಿರುಕು ಹೊರಗಿನಿಂದ ಕಾಣದೇ ಇರಬಹುದು. ಅನೇಕ ಸೀಟುಗಳ ಅಡಿಯಲ್ಲಿ ಬಳಕೆಯ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ಅದನ್ನೂ ನೋಡಿ. ಸಂಕೋಚಪಟ್ಟುಕೊಂಡು ಕೇಳದೇ ಇರಬೇಡಿ.

ಇನ್ನು ಮುಖದ ದಿಕ್ಕು. ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಎಲುಬುಗಳು ಇನ್ನೂ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕುಳಿತ ಮಗುವಿನ ಮೈಯನ್ನು ಪಟ್ಟಿ ತಡೆಯುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಆ ಎಳೆತವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೆ ಆನಿಸಿಕೊಳ್ಳುತ್ತದೆ. ಆರ್129 ನಿಯಮದ ಪ್ರಕಾರ 15 ತಿಂಗಳವರೆಗೆ ಹಿಂಮುಖವೇ ಆಗಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗೆರೆಯನ್ನೇ ಕೈಬಿಟ್ಟು, ಸೀಟಿನ ಎತ್ತರ ಅಥವಾ ತೂಕದ ಮಿತಿ ಮುಟ್ಟುವ ತನಕ ಹಿಂಮುಖವಾಗಿಯೇ ಇರಲಿ ಎಂದಿತು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಹೀಗೆ ಕೂರಿಸುವುದು ಸಾಮಾನ್ಯ. "ಪಾಪ, ಕಾಲು ಮಡಚಿಕೊಂಡಿದೆ" ಎಂದು ನೆಂಟರು ಹೇಳಿಯೇ ಹೇಳುತ್ತಾರೆ. ಮಡಚಿದ ಕಾಲಿನಿಂದ ಮಗುವಿಗೆ ತೊಂದರೆಯಿಲ್ಲ. ಆ ಮಾತಿಗೆ ಕರಗಿ, ಮೊದಲ ಹುಟ್ಟುಹಬ್ಬದ ಮರುದಿನವೇ ಸೀಟು ತಿರುಗಿಸುವವರನ್ನು ಕಂಡರೆ ನನಗೆ ನಿಜವಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಮುಖದ ಸೀಟನ್ನು ಎಂದೂ ಇಡಬೇಡಿ.

ಸೀಟನ್ನು ಕೂರಿಸುವಾಗ ಕಾರಿನ ಬೆಲ್ಟ್ ಅಥವಾ ಐಸೊಫಿಕ್ಸ್ ಕೊಂಡಿ (ಸೀಟನ್ನು ನೇರವಾಗಿ ಕಾರಿಗೇ ಸಿಕ್ಕಿಸುವ ಕೊಂಡಿ), ಎರಡರಲ್ಲಿ ಒಂದನ್ನು ಬಳಸಿ. ಕೈಪಿಡಿ ಹೇಳದಿದ್ದರೆ ಎರಡನ್ನೂ ಸೇರಿಸಬೇಡಿ. ಅಮೆರಿಕದಲ್ಲಿ ಈ ಕೊಂಡಿಗೆ ಲ್ಯಾಚ್ ಎನ್ನುತ್ತಾರೆ; ಅಲ್ಲಿ ಸಾಮಾನ್ಯವಾಗಿ ಮಗು ಮತ್ತು ಸೀಟಿನ ಒಟ್ಟು ತೂಕ ಸುಮಾರು 29 ಕಿಲೋ ದಾಟಿದರೆ ಕೆಳಗಿನ ಕೊಂಡಿ ಬಿಟ್ಟು ಬೆಲ್ಟ್ ಬಳಸಬೇಕು. ಬಿಗಿದ ಮೇಲೆ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ 2.5 ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಮೇಲ್ತುದಿಯಲ್ಲಿ ಹಿಡಿದು ಅಲುಗಾಡಿಸಿ ಗಾಬರಿಯಾಗಬೇಡಿ, ಹಿಂಮುಖದ ಸೀಟು ಅಲ್ಲಿ ಸ್ವಲ್ಪ ಅಲುಗುವುದು ಸಹಜ. ಸೀಟಿನ ಓರೆಯನ್ನು ಅದರ ಮೇಲಿನ ಗುರುತಿಗೆ ಸರಿಹೊಂದಿಸಿ. ತೀರಾ ನೆಟ್ಟಗಿದ್ದರೆ ಹಸುಗೂಸಿನ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಮುಮ್ಮುಖದ ಸೀಟಿಗೆ ಮೇಲಿನ ಪಟ್ಟಿ, ಅಂದರೆ ಟಾಪ್ ಟೆದರ್ ಇದ್ದರೆ ಅದನ್ನು ಕಟ್ಟಲೇಬೇಕು. ತಲೆ ಮುಂದಕ್ಕೆ ಎಗರುವುದನ್ನು ಕಡಿಮೆ ಮಾಡುವುದು ಅದೇ. ಎಷ್ಟೋ ಕಾರುಗಳಲ್ಲಿ ಅದು ಸೀಟಿನ ಹಿಂದೆ ಸುಮ್ಮನೆ ಜೋತಾಡುತ್ತಿರುತ್ತದೆ.

ಮಗುವನ್ನು ಕೂರಿಸಿದ ಮೇಲೆ ಭುಜದ ಪಟ್ಟಿ ತಿರುಚಿಕೊಂಡಿರಬಾರದು. ಹಿಂಮುಖದಲ್ಲಿ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದರ ಕೆಳಗಿನಿಂದ ಬರಬೇಕು, ಮುಮ್ಮುಖದಲ್ಲಿ ಭುಜದ ಮಟ್ಟದಲ್ಲಿ ಅಥವಾ ಅದರ ಮೇಲಿನಿಂದ. ಎದೆಯ ಕ್ಲಿಪ್ ಇದ್ದರೆ ಕಂಕುಳ ಮಟ್ಟಕ್ಕೆ ತನ್ನಿ. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನು ಉದ್ದಕ್ಕೆ ಚಿವುಟಿ ನೋಡಿ. ಪಟ್ಟಿ ಬೆರಳಿಗೆ ಸಿಕ್ಕಿ ಮಡಿಕೆಯಾದರೆ ಇನ್ನೂ ಸಡಿಲವಿದೆ ಎಂದರ್ಥ. ಚಳಿ ದೇಶದವರಿಗೆ ಇನ್ನೊಂದು ಮಾತು: ಒಮ್ಮೆ ಪರೀಕ್ಷೆಗೆಂದು ದಪ್ಪ ಜಾಕೆಟ್ ಹಾಕಿಯೇ ಪಟ್ಟಿ ಬಿಗಿದು, ಆಮೇಲೆ ಪಟ್ಟಿಯನ್ನು ಸರಿಪಡಿಸದೆ ಜಾಕೆಟ್ ಬಿಚ್ಚಿ ಮಗುವನ್ನು ಮತ್ತೆ ಕೂರಿಸಿ. ಪಟ್ಟಿಗೂ ಮೈಗೂ ನಡುವೆ ಅಂಗೈ ತೂರುವಷ್ಟು ಜಾಗ ಕಾಣಬಹುದು. ಡಿಕ್ಕಿಯಲ್ಲಿ ಜಾಕೆಟ್ ಚಪ್ಪಟೆಯಾಗಿ ಅಷ್ಟೇ ಜಾಗ ಬಿಡುತ್ತದೆ. ತೆಳು ಬಟ್ಟೆಯಲ್ಲಿ ಬಿಗಿದು, ಮೇಲೆ ಕಂಬಳಿ ಹೊದಿಸಿ.

ಬೂಸ್ಟರ್, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ಆ ವಯಸ್ಸಿಗೆ ಮಕ್ಕಳು ಹಟ ಹಿಡಿಯುತ್ತಾರೆ, ಗೆಳೆಯರ ಮುಂದೆ ನಾಚಿಕೆ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಯಾವುದು ಮೊದಲೋ ಅಲ್ಲಿಯ ತನಕ ಕಾನೂನೇ ಇದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಸೊಂಟದ ಬೆಲ್ಟ್ ಹೊಟ್ಟೆಯ ಮೇಲೆ ಬರದೆ ತೊಡೆಯ ಬುಡದಲ್ಲಿ, ಭುಜದ ಬೆಲ್ಟ್ ಕತ್ತಿಗೆ ತಾಗದೆ ಭುಜದ ನಡುವೆ ಕೂರುವವರೆಗೂ ಬೂಸ್ಟರ್ ಬಿಡಬೇಡಿ.

ಇಲ್ಲಿ ಮಕ್ಕಳ ಬಾಲ್ಯದ ಒಂದು ದೊಡ್ಡ ಪಾಲು ಕಾರಿನ ಹಿಂದಿನ ಸೀಟಿನಲ್ಲಿ, ಒಬ್ಬೊಬ್ಬರೇ ಕಳೆಯುತ್ತದೆ. ಪ್ರಯಾಣದಲ್ಲಿ ಅಜ್ಜಿಯ ಸೆರಗು ಹಿಡಿದು ಕಥೆ ಕೇಳುತ್ತ ನಿದ್ದೆ ಹೋಗುವುದು ನಮಗೆ ಸಿಕ್ಕಿತ್ತು, ಅವರಿಗೆ ಸಿಗುವುದಿಲ್ಲ. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಮನೆಯವರೊಬ್ಬರು ಹಿಂದೆ ಮಗುವಿನ ಪಕ್ಕ ಕೂರುವುದು, ದಾರಿಯುದ್ದಕ್ಕೂ ಕನ್ನಡದಲ್ಲಿ ಮಾತನಾಡುವುದು, ಇಷ್ಟು ಸಾಧ್ಯ. ನಮ್ಮ ಮಕ್ಕಳ ಕನ್ನಡ ಉಳಿದಿದ್ದರೆ ಅದರಲ್ಲಿ ಅರ್ಧ ಕಾರಿನೊಳಗೆ ಉಳಿದದ್ದು. ಅಜ್ಜ ಅಜ್ಜಿ ಬಂದಾಗ ಅವರಿಗೇ ಬಕಲ್ ಹಾಕಲು, ಪಟ್ಟಿ ಎಳೆಯಲು ಕಲಿಸಿ. ಕಟ್ಟುವ ಕೈ ಅವರದ್ದಾದರೆ ಮಗುವೂ ಬೇಗ ಒಪ್ಪುತ್ತದೆ, ಅವರ ಸಂಕಟವೂ ಇಳಿಯುತ್ತದೆ.

ಮನೆ ತಲುಪಿದ ಮೇಲೆ, ನಿದ್ದೆ ಮಾಡುತ್ತಿದ್ದರೂ ಹಸುಗೂಸನ್ನು ಸೀಟಿನಿಂದ ತೆಗೆದು ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಸೀಟನ್ನು ತರಬೇತಿ ಪಡೆದವರಿಗೆ ಒಮ್ಮೆ ತೋರಿಸಿ; ಅಮೆರಿಕದಲ್ಲಿ ಅನೇಕ ಕಡೆ ಪ್ರಮಾಣಪತ್ರ ಪಡೆದ ತಂತ್ರಜ್ಞರು ಉಚಿತವಾಗಿಯೇ ನೋಡಿಕೊಡುತ್ತಾರೆ. ಹೋಗುವಾಗ ಕಾರಿನ ಮತ್ತು ಸೀಟಿನ ಕೈಪಿಡಿ ಎರಡೂ ಜೊತೆಗಿರಲಿ. ಅವರೇ ಕೂರಿಸಿಕೊಡುವುದು ಬೇಡ, ನೀವು ಅವರೆದುರು ಬಿಚ್ಚಿ, ಮತ್ತೆ ನೀವೇ ಕೂರಿಸಿ.