ಘಟ್ಟ ಹತ್ತದ ಹಳೇ ಟಾಟಾ: ಟೈಮಿಂಗ್ ತನಕ ನಾನು ಹೋದ ದಾರಿ

ಗಾಡಿ ಎಳೀತಿಲ್ಲ ಅಂದ ಕೂಡ್ಲೇ ಹತ್ರ ನಿಂತೋರೆಲ್ಲ ಹೇಳೋದು ಒಂದೇ, ಇಂಜಿನ್ನಿಗೆ ಡೀಸೆಲ್ ಒತ್ತಿ ಕಳ್ಸೋ ಪಂಪಲ್ಲಿ ಡೀಸೆಲ್ ಸ್ವಲ್ಪ ಜಾಸ್ತಿ ಮಾಡ್ಸು ಅಂತ. ನಂದು 697 ಇಂಜಿನ್ನಿನ ಹಳೇ ಟಾಟಾ ಲಾರಿ, ಆರು ಸಿಲಿಂಡರು, 5675 ಸಿಸಿ, ಟರ್ಬೊ ಗಿರ್ಬೊ ಏನಿಲ್ಲ, ಮೈಕೊ ಇನ್‌ಲೈನ್ ಪಂಪು, ಅಂದ್ರೆ ಸಿಲಿಂಡರಿಗೊಂದರಂತೆ ಸಾಲಾಗಿ ಡೀಸೆಲ್ ಒತ್ತೋದು. ಕಂಪನಿ ಹೆಸ್ರು 2008ರಲ್ಲೇ ಬಾಷ್ ಆಯ್ತು, ನಮ್ ಕಡೆ ಇನ್ನೂ ಮೈಕೊನೇ. ಕುಮಟಾ ಕಡೆಯಿಂದ ಚಿರೆಕಲ್ಲು ತುಂಬ್ಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗೋದು ಇದ್ರ ಕೆಲ್ಸ. ಕತಗಾಲ ದಾಟಿ ಏರು ಸಿಕ್ಕಿದ್ಮೇಲೆ ಮೊದ್ಲು ಮೂರನೇ ಗೇರಲ್ಲಿ ಹೋಗ್ತಿದ್ದ ಜಾಗದಲ್ಲೆಲ್ಲ ಎರಡಕ್ಕೆ ಇಳೀತು, ತಿರುವಲ್ಲಿ ಒಂದಕ್ಕೆ, ಟೆಂಪರೇಚರ್ ಮುಳ್ಳು ಬೇರೆ ಮೇಲೆ ಹೋಗಿ ಕೂರ್ತಿತ್ತು.

ಇದೆಲ್ಲ ಶುರುವಾಗಿದ್ದು ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್ (ಡೀಸೆಲ್ ಅಳತೆ ಸರಿ ಮಾಡೋದು) ಮಾಡ್ಸಿ ಒಂದು ಗ್ಯಾರೇಜಲ್ಲಿ ವಾಪಸ್ ಕೂರ್ಸಿದ್ಮೇಲೆ, ಹಾಗಾಗಿ ನಂಗೆ ಅನುಮಾನ ಟೈಮಿಂಗ್ ಮೇಲೇ, ಅಂದ್ರೆ ಪಿಸ್ಟನ್ ಎಲ್ಲಿದ್ದಾಗ ಪಂಪ್ ಡೀಸೆಲ್ ಒತ್ತೋಕೆ ಶುರು ಮಾಡ್ತದೆ ಅನ್ನೋದು. ಆದ್ರೂ ಮೊದ್ಲು ಅದಕ್ಕೆ ಕೈ ಹಾಕ್ಲಿಲ್ಲ, ಯಾಕಂದ್ರೆ ಗಾಳಿನೋ ಡೀಸೆಲ್ಲೋ ಕಟ್ಟಿರೋ ಇಂಜಿನ್ನಿಗೆ ಟೈಮಿಂಗ್ ಹಿಂದೆ ಮುಂದೆ ಮಾಡ್ತಾ ಕೂತ್ರೆ ತಪ್ಪು ಯಾವ್ದು ಅಂತಾನೇ ಆಮೇಲೆ ತಿಳಿಯಲ್ಲ.

ಹೊಗೆ ನೋಡ್ದೆ. ಹೊಗೆನೇ ಇಲ್ದೆ ಪವರ್ ಕಮ್ಮಿ ಅಂದ್ರೆ ಡೀಸೆಲ್ ಸಾಕಷ್ಟು ಬರ್ತಿಲ್ಲ ಅಂತ, ಫಿಲ್ಟರು, ಫೀಡ್ ಪಂಪಿನ ಜಾಳಿಗೆ, ಟ್ಯಾಂಕ್ ಮುಚ್ಚಳದ ಗಾಳಿ ತೂತು, ಇಲ್ಲಾ ಆಕ್ಸಿಲರೇಟರ್ ಲಿಂಕ್ ಸವೆದು ಪೆಡಲ್ ಪೂರ್ತಿ ಒತ್ತಿದ್ರೂ ಪಂಪಿನ ಲಿವರ್ ಕೊನೇ ತನಕ ಹೋಗ್ತಿರಲ್ಲ. ಈ ಕೊನೇದನ್ನ ಭಾಳ ಜನ ನೋಡೋದೇ ಇಲ್ಲ. ಇಂಜಿನ್ ಬಂದ್ ಮಾಡಿ ಒಬ್ರು ಪೆಡಲ್ ತುಳೀಬೇಕು, ಇನ್ನೊಬ್ರು ಲಿವರ್ ಸ್ಟಾಪರಿಗೆ ಮುಟ್ಟಿತಾ ನೋಡ್ಬೇಕು, ಅಷ್ಟೇ, ಖರ್ಚಿಲ್ಲ. ಕಪ್ಪು ಹೊಗೆ ಆದ್ರೆ ಗಾಳಿ ಸಾಲ್ತಿಲ್ಲ, ಅಥವಾ ಡೀಸೆಲ್ ಹೆಚ್ಚಾಗಿದೆ, ಅಥವಾ ತಡವಾಗಿ ಬೀಳ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಣ್ಣುರಿಯೋ ಬಿಳಿ ಹೊಗೆ ಬಂದ್ರೆ ಡೀಸೆಲ್ ಸುಡದೇ ಹೊರಗೆ ಹೋಗ್ತಿದೆ. ನೀಲಿ ಅಂದ್ರೆ ಆಯಿಲ್, ಅದರ ಕತೆ ಬೇರೆ. ನಂದ್ರಲ್ಲಿ ಬೆಳಿಗ್ಗೆ ಬಿಳಿ, ಲೋಡಲ್ಲಿ ಕಪ್ಪು. ಇದ್ರ ಮೇಲೆ ಡೀಸೆಲ್ ಇನ್ನೂ ಹೆಚ್ಚು ಮಾಡಿದ್ರೆ ಸಿಗೋದು ಹೊಗೆ ಮತ್ತೆ ಬಿಸಿ, ಪವರ್ ಅಲ್ಲ. ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗ್ಸೋರನ್ನ ನಾನು ಗಾಡಿ ಹತ್ರ ಬಿಡಲ್ಲ.

ಏರ್ ಕ್ಲೀನರ್ ಸರಿ ಇತ್ತು. ಆಯಿಲ್ ಹಾಕೋ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದ್ರೆ ಪಿಸ್ಟನ್ ಪಕ್ಕದಿಂದ ಕೆಳಗೆ ಸೋರಿ ಬರೋ ಗಾಳಿ ನೋಡ್ದೆ, ವಯಸ್ಸಿಗೆ ತಕ್ಕ ಹಾಗಿದೆ, ಅದೂ ಅಲ್ಲ. ಆಮೇಲೆ ಐಡ್ಲಿಂಗಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ನೋಜಲ್ಲುಗಳ ಒಂದೊಂದೇ ಪೈಪಿನ ನಟ್ ಸಡಿಲ ಮಾಡಿ ಬಿಗಿ ಮಾಡ್ತಾ ಹೋದೆ, ಪೈಪಿಗೆ ದಪ್ಪ ಬಟ್ಟೆ ಸುತ್ತಿ, ಯಾಕಂದ್ರೆ ಆ ಪ್ರೆಶರಿನ ಡೀಸೆಲ್ ಚರ್ಮದ ಒಳಗೇ ಹೋಗ್ತದೆ, ಬರಿಗೈ ಒಡ್ಡೋ ಹಾಗೇ ಇಲ್ಲ. ಸಡಿಲ ಮಾಡಿದಾಗ ಶಬ್ದ ಬದಲಾಗದೇ ಇದ್ರೆ ಆ ಸಿಲಿಂಡರ್ ಕೆಲ್ಸ ಮಾಡ್ತಿಲ್ಲ ಅಂತರ್ಥ. ಆರಕ್ಕೆ ಆರೂ ದುಡೀತಿದ್ವು.

ಸಿಕ್ಕಿದ್ದು ಎಲ್ಲಿ ಅಂದ್ರೆ ಎಕ್ಸಾಸ್ಟ್ ಬ್ರೇಕಲ್ಲಿ. ಸೈಲೆನ್ಸರ್ ಪೈಪಿನ ಒಳಗೆ ಒಂದು ಚಿಟ್ಟೆ ವಾಲ್ವ್ ಇರ್ತದಲ್ಲ, ಘಟ್ಟ ಇಳಿವಾಗ ಮುಚ್ಚಿ ಇಂಜಿನ್ನನ್ನ ಹಿಡಿಯೋದು, ಅದು ಮಸಿ ಕಟ್ಟಿ, ಮೇಲಿಂದ ನಮ್ಮ ಕರಾವಳಿ ಉಪ್ಪು ಗಾಳಿಗೆ ಶಾಫ್ಟ್ ತುಕ್ಕು ಹಿಡಿದು, ಪೂರ್ತಿ ತೆಗೀತಾನೇ ಇರ್ಲಿಲ್ಲ. ಹೊರಗಿನ ಲಿವರ್ ಕೈಯಲ್ಲಿ ಅಲ್ಲಾಡ್ಸಿದ್ರೆ ಗೊತ್ತಾಗ್ತದೆ, ಸ್ಪ್ರಿಂಗಿಗೆ ತಾನಾಗೇ ವಾಪಸ್ ಬರ್ಬೇಕು. ಬಿಚ್ಚಿ ಕೆರೆದು ಕೂರ್ಸಿದೆ. ಗಾಡಿ ಹಗುರ ಆಯ್ತು, ಆದ್ರೆ ಬೆಳಿಗ್ಗೆಯ ಬಿಳಿ ಹೊಗೆ ಹೋಗ್ಲಿಲ್ಲ, ಮುಳ್ಳೂ ಪೂರ್ತಿ ಇಳೀಲಿಲ್ಲ. ಆಗ ಟೈಮಿಂಗಿಗೆ ಬಂದೆ.

ಕೆಲ್ಸ ಕಲಿಸಿದ ಮೇಸ್ತ್ರಿನ ಕರೆದು ಸ್ಪಿಲ್ ಕಟ್ ನೋಡಿದ್ವಿ, ಅಂದ್ರೆ ಪಂಪಿಂದ ಸುರಿಯೋ ಡೀಸೆಲ್ ಎಲ್ಲಿ ಕಡೀತದೆ ಅಂತ ನೋಡಿ ಟೈಮಿಂಗ್ ಹಿಡಿಯೋದು. ಮೊದ್ಲು ಒಂದನೇ ಸಿಲಿಂಡರ್ ಕಂಪ್ರೆಷನ್ನಿಗೆ ತರ್ಬೇಕು. ಆರನೇ ಸಿಲಿಂಡರಿನ ಎರಡೂ ರಾಕರ್ (ವಾಲ್ವ್ ಒತ್ತೋ ತೋಳು) ಒಂದು ಮುಚ್ತಾ ಒಂದು ತೆಗೀತಾ ಇದ್ರೆ, ಒಂದನೇದ್ರ ರಾಕರ್ ಎರಡೂ ಸಡಿಲ ಇದ್ರೆ, ಒಂದನೇದು ಫೈರಿಂಗಿಗೆ ಬಂದಿದೆ ಅಂತ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ತಗೊಂಡು, ಪಂಪಿಂದ ಒಂದನೇ ಸಿಲಿಂಡರಿಗೆ ಡೀಸೆಲ್ ಹೊರಡೋ ಜಾಗದ ಡೆಲಿವರಿ ವಾಲ್ವೂ ಸ್ಪ್ರಿಂಗೂ ತೆಗೆದು, ಹೋಲ್ಡರ್ ಮಾತ್ರ ವಾಪಸ್ ಹಾಕಿ ಅದಕ್ಕೆ ಬಗ್ಗಿದ ಸಣ್ಣ ಪೈಪ್ ಕಟ್ಟಿದ್ವಿ. ಪಂಪಿನ ಲಿವರ್ ಫುಲ್ಲಲ್ಲಿ ಇರ್ಬೇಕು. ಹ್ಯಾಂಡ್ ಪಂಪ್ ಹೊಡೆದ್ರೆ ಪೈಪಿನ ತುದಿಯಿಂದ ಡೀಸೆಲ್ ಧಾರೆ. ಹುಡುಗ ಪುಲ್ಲಿಗೆ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗೋ ದಿಕ್ಕಿಗೇ ನಿಧಾನ ತಿರುಗ್ಸ್ತಾ ಬಂದ. ಧಾರೆ ಸಣ್ಣ ಆಯ್ತು, ದಾರದಷ್ಟಾಯ್ತು, ಕಡಿದು ಹನಿಯಾಯ್ತು, ಹನಿ ಪೈಪಿನ ತುದೀಲಿ ನಿಂತು ಬೀಳೋಕೆ ಹೊತ್ತು ತಗೊಳ್ತಾ ಹೋಯ್ತು. "ನಿಲ್ಸು ಮಾರಾಯ" ಅಂದ್ರು ಮೇಸ್ತ್ರಿ. ಪಂಪ್ ಸಿಲಿಂಡರಿಗೆ ಡೀಸೆಲ್ ಒತ್ತೋಕೆ ಶುರು ಮಾಡೋ ಜಾಗ ಅದೇ. ಪುಲ್ಲಿ ನೋಡಿದ್ರೆ ಅದ್ರ ಮೇಲಿನ ಟೈಮಿಂಗ್ ಗುರ್ತು ಇಂಜಿನ್ನಿಗೆ ಕೂರ್ಸಿರೋ ಸೂಚಿ ಮುಳ್ಳನ್ನ ದಾಟಿ ಸುಮಾರು ಒಂದು ಬೆರಳು ಮುಂದೆ ಹೋಗಿತ್ತು. ತಡ.

ಹುಡುಗ ಪುಲ್ಲಿನ ಹಿಂದಕ್ಕೆ ತಂದು ಗುರ್ತಿಗೆ ಕೂರ್ಸೋಕೆ ಹೋದ. "ತಮ್ಮಾ, ಹಂಗೆ ಹಿಂದೆ ತಂದು ನಿಲ್ಸ್ಬೇಡ, ಗೇರಿನ ಸಡಿಲ ಸೇರ್ಕೊಳ್ತದೆ, ಭಾಳ ಹಿಂದೆ ಹೋಗಿ ಮತ್ತೆ ಮುಂದೆ ಬಾ" ಅಂದ್ರು. ಹಾಗೇ ಗುರ್ತಿಗೆ ತಂದು ನಿಲ್ಸಿ, ಪಂಪನ್ನ ಇಂಜಿನ್ನಿಗೆ ಜೋಡಿಸೋ ಕಪ್ಲಿಂಗಿನ ಬೋಲ್ಟ್ ಸಡಿಲ ಮಾಡಿ, ಪಂಪಿನ ಶಾಫ್ಟನ್ನ ಅದು ತಿರುಗೋ ದಿಕ್ಕಿಗೆ ಮುಂದೆ ತಳ್ಳಿ, ಹನಿ ನಿಲ್ಲೋ ಜಾಗದಲ್ಲಿ ಬಿಗಿ ಮಾಡಿದ್ವಿ. ಬೋಲ್ಟುಗಳು ಉದ್ದ ತೂತಿನ ಒಂದು ತುದೀಲಿ ಹೋಗಿ ಕೂತಿದ್ವು, ಅಂದ್ರೆ ಪಂಪ್ ವಾಪಸ್ ಕೂರ್ಸಿದೋರು ಕಣ್ಣಂದಾಜಲ್ಲೇ ಬಿಗಿ ಮಾಡಿ ಕಳ್ಸಿದ್ದು. ಇಲ್ಲಿ ಕೈ ಭಾಳ ಸಣ್ಣಕ್ಕೆ ಓಡ್ಬೇಕು, ಇಂಜಿನ್ ಎರಡು ಸುತ್ತಿಗೆ ಪಂಪ್ ತಿರುಗೋದು ಒಂದೇ ಸುತ್ತು, ಹಾಗಾಗಿ ಪಂಪಲ್ಲಿ ಒಂದು ಡಿಗ್ರಿ ಸರಿಸಿದ್ರೆ ಕ್ರ್ಯಾಂಕಲ್ಲಿ ಎರಡು ಡಿಗ್ರಿ ಆಗ್ತದೆ. ಗುರ್ತು ಎಷ್ಟು ಡಿಗ್ರಿಗೆ ಅನ್ನೋದು ನಿಮ್ಮ ಇಂಜಿನ್ನಿನ ಮ್ಯಾನ್ಯುಯಲ್ ನೋಡಿ ತಗೊಳ್ಳಿ, ಪಕ್ಕದ ಗಾಡಿಯೋನ ಲೆಕ್ಕ ಬೇಡ. ಹೆಚ್ಚು ಅಡ್ವಾನ್ಸ್ ಮಾಡಿದ್ರೆ, ಅಂದ್ರೆ ಡೀಸೆಲ್ ಬೇಗ ಬೀಳೋ ಹಾಗೆ ಮಾಡಿದ್ರೆ, ಪಿಕಪ್ ಚೆನ್ನಾಗಿದೆ ಅನ್ಸ್ತದೆ, ಆದ್ರೆ ಇಂಜಿನ್ ಬಿಸಿಯಾದ್ಮೇಲೂ ಟಕಟಕ ನಾಕಿಂಗ್ ನಿಲ್ದೇ ಹೋದ್ರೆ ಪಿಸ್ಟನ್ನಿಗೂ ಹೆಡ್ ಗ್ಯಾಸ್ಕೆಟ್ಟಿಗೂ ಏಟು.

ಈಗ ಬೆಳಿಗ್ಗೆ ಹೊಗೆ ನಾಲ್ಕು ಸಲ ಬುಸ್ ಅಂದು ನಿಲ್ತದೆ. ಅದೇ ಲೋಡಲ್ಲಿ ದೇವಿಮನೆ ಮೊದ್ಲಿನ ಹಾಗೆ ಮೂರರಲ್ಲಿ ಹತ್ತಿದೆ, ಬಿಗಿ ತಿರುವಲ್ಲಿ ಮಾತ್ರ ಎರಡು. ರಾಗಿಹೊಸಳ್ಳಿ ಹತ್ರ ನಿಲ್ಸಿ ಮುಳ್ಳು ನೋಡ್ದೆ, ನಡುವಲ್ಲೇ ಇತ್ತು. ಶಿರಸೀಲಿ ಕಲ್ಲು ಇಳ್ಸೋವಾಗ ಕಪ್ಲಿಂಗ್ ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡ್ದೆ, ಒಂದು ಸ್ವಲ್ಪ ತಿರುಗಿತು.